ಹೂದಾನಿಯ ಗುಲಾಬಿ ಎರಡೇ ದಿನಕ್ಕೆ ಕತ್ತು ಬಗ್ಗಿಸುವುದೇಕೆ?

ಪ್ರಶ್ನೆ

ಮನೆಯಲ್ಲಿ ಹೂದಾನಿ ಖಾಲಿ ಇರಬಾರದೆಂಬುದು ನನ್ನ ಆಸೆ. ಬೇರೆ ಹೂಗಳು ಹೇಗೋ ನಾಲ್ಕೈದು ದಿನ ಉಳಿಯುತ್ತವೆ, ಗುಲಾಬಿಯಲ್ಲಿ ಮಾತ್ರ ಪ್ರತಿ ಸಲವೂ ಸೋಲುತ್ತಿದ್ದೇನೆ. ತಂದ ದಿನ ನೆಟ್ಟಗಿದ್ದ ಹೂ ಎರಡನೆಯ ದಿನದ ಸಂಜೆಯ ಹೊತ್ತಿಗೆ, ಹೂವಿನಿಂದ ಎರಡು ಬೆರಳು ಕೆಳಗೆ, ಅದೇ ಜಾಗದಲ್ಲಿ ಬಾಗಿ ಜೋತುಬೀಳುತ್ತದೆ. ಆಗ ಎಸಳು ಉದುರಿರುವುದಿಲ್ಲ, ಬಣ್ಣ ಮಾಸಿರುವುದಿಲ್ಲ, ದಾನಿಯಲ್ಲಿ ಕಂಠಮಟ್ಟ ನೀರೂ ಇರುತ್ತದೆ. ಒಂದು ಚಮಚ ಸಕ್ಕರೆ ಬೆರೆಸಿ ನೋಡಿದೆ; ಮೂರನೆಯ ದಿನಕ್ಕೆ ನೀರು ಕದಡಿ ವಾಸನೆ ಹೊಡೆಯಿತು. ಆಸ್ಪಿರಿನ್ ಮಾತ್ರೆ ಹಾಕಿ ಎನ್ನುವವರಿದ್ದಾರೆ, ತಾಮ್ರದ ನಾಣ್ಯ ಹಾಕಿ ಎನ್ನುವವರಿದ್ದಾರೆ. ಇವುಗಳಲ್ಲಿ ನಿಜಕ್ಕೂ ಪ್ರಯೋಜನವಿರುವುದು ಯಾವುದು? ಈಗಾಗಲೇ ಬಾಗಿರುವ ಹೂವನ್ನು ಮತ್ತೆ ಎತ್ತಿ ನಿಲ್ಲಿಸಲು ಸಾಧ್ಯವೇ?

ಉತ್ತರ 1

ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧ ಭಾಗವಿದೆ. ದಾನಿಯಲ್ಲಿ ನೀರಿದ್ದೂ ಹೂ ಬಾಗುತ್ತಿದೆ ಎಂದರೆ ನೀರು ಮೇಲಕ್ಕೆ ಏರುತ್ತಿಲ್ಲವೆಂದೇ ಅರ್ಥ. ದಂಟಿನೊಳಗೆ ಕೂದಲೆಳೆಗಿಂತ ಸಣ್ಣ ನಾಳಗಳಿವೆ. ಕತ್ತರಿಸಿದ ಕ್ಷಣದಲ್ಲಿ ಅವು ನೀರಿನ ಬದಲು ಗಾಳಿಯನ್ನು ಎಳೆದುಕೊಳ್ಳುತ್ತವೆ, ಆ ಗಾಳಿಯ ಗುಳ್ಳೆ ದಾರಿಗೆ ಅಡ್ಡ ಕೂರುತ್ತದೆ. ಇದರ ಮೇಲೆ, ನೀರಿನಲ್ಲಿ ಹುಟ್ಟಿದ ಬ್ಯಾಕ್ಟೀರಿಯಾಗಳು ಕತ್ತರಿಸಿದ ಬಾಯಿಗೆ ಲೋಳೆ ಮೆತ್ತುತ್ತವೆ. ಹಳೆಯ ದಂಟಿನ ತುದಿಯನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿ, ಆ ಜಾರುವ ಪದರವೇ ಬಿರಡೆ. ಗುಲಾಬಿಯ ಕತ್ತಿನ ಭಾಗ ಎಳೆಯದಾಗಿದ್ದು ಗಟ್ಟಿಯಾದ ನಾರು ಅಲ್ಲಿ ಕಡಿಮೆ ಇರುವುದರಿಂದ, ನೀರಿನ ಒತ್ತಡ ತಗ್ಗಿದೊಡನೆ ಅದೇ ಮೊದಲು ಮಡಿಚಿಕೊಳ್ಳುತ್ತದೆ.

ಬಾಗಿದ ಕೂಡಲೇ ಗಮನಿಸಿದರೆ ಬಹುಮಟ್ಟಿಗೆ ಉಳಿಸಬಹುದು. ದಂಟನ್ನು ಬಕೆಟ್ಟಿನ ನೀರಿನೊಳಗೇ ಮುಳುಗಿಸಿ ಹಿಡಿದು, ತುದಿಯಿಂದ 2–3 ಸೆಂಟಿಮೀಟರ್ ಮೇಲೆ ಹರಿತವಾದ ಚಾಕುವಿನಿಂದ ಓರೆಯಾಗಿ ಕತ್ತರಿಸಿ. ಮೊಂಡು ಕತ್ತರಿ ನಾಳಗಳನ್ನು ಜಜ್ಜಿಬಿಡುತ್ತದೆ. ಆಮೇಲೆ ಹೂವನ್ನು ನೆಟ್ಟಗೆ ಹಿಡಿದು, ಕತ್ತಿನ ಸುತ್ತ ವೃತ್ತಪತ್ರಿಕೆಯನ್ನು ಬಿಗಿಯಾಗಿ ಸುತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ಕತ್ತಿನ ತನಕ ಒಂದೆರಡು ಗಂಟೆ ನಿಲ್ಲಿಸಿ. ಇಡೀ ದಿನ ಬಾಗಿಯೇ ಇದ್ದ ಹೂ, ಅಥವಾ ತೀರಾ ಎಳೆಯ ಮೊಗ್ಗಿನಲ್ಲೇ ಕೊಯ್ದ ಹೂ ಈ ಉಪಾಯಕ್ಕೂ ಏಳುವುದಿಲ್ಲ. ಆದುದರಿಂದ ಕೊಳ್ಳುವಾಗಲೇ ಮೊಗ್ಗಿನ ಬುಡದ ಹಸಿರು ಪುಷ್ಪಪತ್ರಗಳು ಹಿಂದಕ್ಕೆ ಬಿಚ್ಚಿಕೊಂಡಿವೆಯೇ ಎಂದು ನೋಡಿಕೊಳ್ಳಿ.

ದಾನಿಯನ್ನು ಪ್ರತಿ ಸಲವೂ ಸಾಬೂನು ಹಾಕಿ ಉಜ್ಜಿ ತೊಳೆಯಬೇಕು, ನೀರಿನಲ್ಲಿ ಮುಳುಗುವ ಎಲೆಗಳನ್ನು ಒಂದೂ ಬಿಡದೆ ಕಿತ್ತುಹಾಕಬೇಕು. ಎರಡು ದಿನಕ್ಕೊಮ್ಮೆ ನೀರು ಬದಲಿಸುವಾಗ ದಂಟಿನ ತುದಿಯನ್ನೂ ಸ್ವಲ್ಪ ಕತ್ತರಿಸುತ್ತಿರಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದರೆ ಸಕ್ಕರೆಯ ಮಾತು ಬಿಟ್ಟುಹೋಯಿತು. ನಿಮ್ಮ ತಪ್ಪು ಸಕ್ಕರೆ ಹಾಕಿದ್ದಲ್ಲ, ಸಕ್ಕರೆಯನ್ನು ಮಾತ್ರ ಹಾಕಿದ್ದು. ಗಿಡದಿಂದ ಬೇರ್ಪಟ್ಟ ಮೊಗ್ಗಿಗೆ ಅರಳಲು ಆಹಾರ ಬೇಕು, ಕೋಣೆಯ ಮಬ್ಬು ಬೆಳಕಿನಲ್ಲಿ ಎಲೆಗಳು ಅದನ್ನು ಸಾಕಷ್ಟು ತಯಾರಿಸಲಾರವು. ಆದರೆ ಹೂವಿಗೆ ಬಡಿಸಿದ್ದನ್ನು ಮೊದಲು ಉಣ್ಣುವುದು ಬ್ಯಾಕ್ಟೀರಿಯಾ. ಅದಕ್ಕಾಗಿಯೇ ಹೂಗಳೊಂದಿಗೆ ಬರುವ ಪುಡಿಯ ಪೊಟ್ಟಣದಲ್ಲಿ ಸಕ್ಕರೆ, ಆಮ್ಲ ಮತ್ತು ಸೂಕ್ಷ್ಮಜೀವಿನಾಶಕ ಈ ಮೂರೂ ಸೇರಿರುತ್ತವೆ. ಆಮ್ಲೀಯವಾದ ನೀರು ನಾಳಗಳಲ್ಲಿ ಸಲೀಸಾಗಿ ಏರುತ್ತದೆ, ಬ್ಯಾಕ್ಟೀರಿಯಾ ಬೆಳೆಯುವುದನ್ನೂ ತಡೆಯುತ್ತದೆ.

ಮನೆಯಲ್ಲಿಯೇ ಮಾಡಿಕೊಳ್ಳುವುದಾದರೆ 1 ಲೀಟರ್ ನೀರಿಗೆ ಸುಮಾರು 10 ಗ್ರಾಂ ಸಕ್ಕರೆ, ಎರಡು ಟೀ ಚಮಚ ನಿಂಬೆರಸ ಹಾಗೂ ಬಟ್ಟೆಗೆ ಬಳಸುವ ಬ್ಲೀಚ್‌ನ ಕೆಲವೇ ಹನಿ ಸಾಕು. ಬ್ಲೀಚನ್ನೂ ನಿಂಬೆರಸವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ವಿಷಕಾರಿಯಾದ ಕ್ಲೋರಿನ್ ಅನಿಲ ಏಳುತ್ತದೆ. ಪೂರ್ತಿ ನೀರು ತುಂಬಿಕೊಂಡ ಮೇಲೆ ಒಂದೊಂದಾಗಿ ಹಾಕಿ ಕಲಕಬೇಕು. ಆಸ್ಪಿರಿನ್ ನೀರನ್ನು ತುಸು ಹುಳಿಯಾಗಿಸುತ್ತದೆಯೇ ಹೊರತು ಹೆಚ್ಚೇನನ್ನೂ ಮಾಡದು. ತಾಮ್ರ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ನಿಜವಾದರೂ ನಾಣ್ಯದಿಂದ ನೀರಿಗೆ ಇಳಿಯುವ ಪ್ರಮಾಣ ಯಾವ ಮೂಲೆಗೂ ಸಾಲದು. ನಾಣ್ಯ ನಿಮ್ಮ ಜೇಬಿನಲ್ಲೇ ಇರಲಿ.

ಉತ್ತರ 3

ಕತ್ತಿನ ತನಕ ನೀರು ಎಂಬುದನ್ನು ಎಲ್ಲ ಹೂಗಳಿಗೂ ಅನ್ವಯಿಸಬೇಡಿ ಎಂದು ಸೇರಿಸಲೇಬೇಕಾಗಿದೆ. ಜರ್ಬೆರಾದ ದಂಟು ಮೃದುವಾಗಿ, ಸಣ್ಣ ರೋಮಗಳಿಂದ ಕೂಡಿರುತ್ತದೆ. ಆಳದ ನೀರಿನಲ್ಲಿಟ್ಟರೆ ಬೇಗ ಕೊಳೆಯುತ್ತದೆ, ಅದಕ್ಕೆ ನಾಲ್ಕು ಬೆರಳು ನೀರು ಧಾರಾಳವಾಯಿತು. ಡ್ಯಾಫೊಡಿಲ್‌ನ ದಂಟಿನಿಂದ ಒಸರುವ ಲೋಳೆರಸ ಜೊತೆಯ ಹೂಗಳನ್ನು ಬಾಡಿಸುತ್ತದೆ. ಒಂದು ರಾತ್ರಿ ಪ್ರತ್ಯೇಕವಾಗಿ ನೀರಿನಲ್ಲಿಟ್ಟು, ಮತ್ತೆ ಕತ್ತರಿಸದೆ, ಹಾಗೆಯೇ ಉಳಿದವುಗಳೊಂದಿಗೆ ಸೇರಿಸಬೇಕು.

ದಾನಿಯನ್ನು ಎಲ್ಲಿ ಇಡುತ್ತೀರೆಂದು ನೀವು ಬರೆದಿಲ್ಲ. ಬಿಸಿಲು ಬೀಳುವ ಕಿಟಕಿ, ಫ್ಯಾನಿನ ಗಾಳಿ ಇವೆರಡೂ ಎಲೆಗಳಿಂದ ನೀರನ್ನು ಹೀರಿಬಿಡುತ್ತವೆ. ಹಣ್ಣಿನ ಬುಟ್ಟಿಯ ಪಕ್ಕವಂತೂ ಬೇಡವೇ ಬೇಡ, ಏಕೆಂದರೆ ಮಾಗುತ್ತಿರುವ ಬಾಳೆ, ಸೇಬುಗಳಿಂದ ಹೊರಬರುವ ಎಥಿಲೀನ್ ಅನಿಲ ಹೂಗಳಿಗೆ ಬೇಗ ಮುಪ್ಪು ತರುತ್ತದೆ. ಕಾರ್ನೇಷನ್‌ಗೆ ಇದು ತಗುಲಿದರೆ ಎಸಳುಗಳು ಒಳಕ್ಕೆ ಸುರುಳಿಕೊಂಡು, ನಿದ್ದೆಹೋದಂತೆ ಮುದುಡುತ್ತವೆ. ಬಾಡಿದ ಹೂಗಳೂ ಅದೇ ಅನಿಲವನ್ನು ಬಿಡುವುದರಿಂದ ಗೊಂಚಲಿನಲ್ಲಿ ಒಂದು ಕೆಟ್ಟೊಡನೆ ಅದನ್ನು ತೆಗೆದುಬಿಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ನಿನ್ನೆ ಬಾಗಿದ್ದ ಐದು ಗುಲಾಬಿಗಳಿಗೆ ಪತ್ರಿಕೆ ಸುತ್ತಿ ನಿಲ್ಲಿಸಿದ್ದೆ, ಮೂರು ಎದ್ದು ನಿಂತಿವೆ. ಉಳಿದೆರಡು ಮೊದಲೇ ಬಹಳ ಎಳೆಯ ಮೊಗ್ಗುಗಳಾಗಿದ್ದವು. ಹಣ್ಣಿನ ಬುಟ್ಟಿ ಅದೇ ಮೇಜಿನ ಮೇಲಿತ್ತೆಂದು ಒಪ್ಪಿಕೊಳ್ಳುತ್ತೇನೆ. ರಾತ್ರಿ ಹೊತ್ತು ದಾನಿಯನ್ನು ಫ್ರಿಜ್ಜಿನಲ್ಲಿ ಇಡಬಹುದೇ?

ಉತ್ತರ 3

ಗುಲಾಬಿಯಾದರೆ ಇಡಬಹುದು, ತಂಪಿನಲ್ಲಿ ಅದರ ಉಸಿರಾಟ ನಿಧಾನವಾಗಿ ಆಯಸ್ಸು ಹೆಚ್ಚುತ್ತದೆ. ಆದರೆ ಆಂಥೂರಿಯಂ, ಆರ್ಕಿಡ್‌ಗಳಂತಹ ಉಷ್ಣವಲಯದ ಹೂಗಳನ್ನು ಇಡಬೇಡಿ, ಅಷ್ಟು ಚಳಿಗೆ ಅವುಗಳ ಬಣ್ಣ ಕೆಟ್ಟು ಕಪ್ಪಾಗುತ್ತದೆ. ಫ್ರಿಜ್ಜಿನೊಳಗೆ ಸೇಬು ಇದ್ದರೆ ಅದನ್ನು ಮೊದಲು ಹೊರಗಿಡಿ.