ಮರು: 'ಓಪಿಯಾಯ್ಡ್ ಓವರ್‌ಡೋಸ್' ಅನ್ನೋದಕ್ಕೆ ಕನ್ನಡದಲ್ಲಿ ಏನು? (ಶುಕ್ರವಾರದೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಓಪಿಯಾಯ್ಡ್ ಅಂದರೆ ಅಫೀಮಿನ ಹಾಗೆ ಕೆಲಸ ಮಾಡುವ ನೋವಿನ ಔಷಧಿಗಳು, ಮಿತಿ ಮೀರಿದರೆ ಉಸಿರೇ ನಿಲ್ಲುತ್ತದೆ, ಅದೇ ಓವರ್‌ಡೋಸ್. ಉತ್ತರಗಳು ತುಂಬಾ ಬಂದಿವೆ, ಆದರೆ ಗೋಡೆಗೆ ಅಂಟಿಸುವಂಥ ಒಂದು ಸಾಲು ಇನ್ನೂ ಸಿಕ್ಕಿಲ್ಲ. ಒಹಾಯೊದಲ್ಲಿ ನಾವು ಹಬ್ಬಗಳಿಗೆ ಬಾಡಿಗೆಗೆ ಹಿಡಿಯುವ ಸಭಾಂಗಣದಲ್ಲಿ ನಲಾಕ್ಸೋನ್ (ಹಾಗೆ ಬಿದ್ದವರನ್ನು ಎಬ್ಬಿಸುವ ಮೂಗಿನ ಸ್ಪ್ರೇ) ಪೆಟ್ಟಿಗೆ ಇಟ್ಟಿದ್ದಾರೆ. ಅದರ ಪಕ್ಕದಲ್ಲಿ ಹಾಕಲು ಕನ್ನಡದ ಹಾಳೆ ಬೇಕು. ಓದುವವರು ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬಂದ ಅಜ್ಜ ಅಜ್ಜಿಯರು.

> 'ಅಫೀಮು ಅತಿಸೇವನೆ' ಅನ್ನಿ. ಇಂಗ್ಲಿಷಿನ ಹಂಗು ಯಾಕೆ?

ಒಪ್ಪಲಾರೆ. ಗ್ರೀಕಿನ ಓಪಿಯಾನ್ ಅರಬ್ಬಿಯಲ್ಲಿ ಅಫ್ಯೂನ್ ಆಗಿ, ಅಲ್ಲಿಂದ ಸುತ್ತಿ ನಮ್ಮಲ್ಲಿಗೆ ಬಂದು ಅಫೀಮು ಆಯಿತು. ಓಪಿಯಾಯ್ಡ್ ಕೂಡ ಅದೇ ಬೇರಿನದು. ಹಳೆಯ ಸಾಲ ನಮ್ಮದು, ಹೊಸ ಸಾಲ ಪರರದು ಅಂದರೆ ಹೇಗೆ? ಇನ್ನು ವಸ್ತುವಿನ ಮಾತು. ಈಗ ಇಲ್ಲಿ ಜಾಸ್ತಿ ಜನರನ್ನು ಕೊಲ್ಲುತ್ತಿರುವುದು ಫೆಂಟನಿಲ್ ಎಂಬ ಓಪಿಯಾಯ್ಡ್. ಅದಕ್ಕೆ ಗಸಗಸೆ ಗಿಡದ ಸೋಂಕೇ ಇಲ್ಲ, ಪೂರ್ತಿ ಲ್ಯಾಬಿನಲ್ಲಿ ಮಾಡುವಂಥದ್ದು.

'ಅತಿಸೇವನೆ' ಬಗ್ಗೆ ನನಗೆ ಇನ್ನೂ ದೊಡ್ಡ ತಕರಾರಿದೆ. ಊಟದಲ್ಲಿ ಅತಿ, ಕುಡಿತದಲ್ಲಿ ಅತಿ ಅಂದಾಗ ತಪ್ಪು ತಿಂದವನದು, ಕುಡಿದವನದು. ಆದರೆ ಕಾಲೇಜು ಹುಡುಗ ಗೆಳೆಯ ಕೊಟ್ಟ ಒಂದೇ ಒಂದು ಮಾತ್ರೆ ನುಂಗಿರುತ್ತಾನೆ, ನೋವಿನ ಮಾತ್ರೆ ಅಂದುಕೊಂಡು, ಅದು ನಕಲಿ, ಒಳಗೆ ಫೆಂಟನಿಲ್ ಇರುತ್ತದೆ. ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಜೋರು, 2 ಮಿಲಿಗ್ರಾಂ ಸಾಕು ಸಾಯಲಿಕ್ಕೆ. ಅದು ಉಪ್ಪಿನ ಕೆಲವು ಹರಳಿನಷ್ಟು. ಇದರಲ್ಲಿ ಅವನ ಅತಿ ಎಲ್ಲಿದೆ?

> 'ವ್ಯಸನಿಗಳ ಗಮನಕ್ಕೆ' ಅಂತ ಶುರು ಮಾಡಿ

ದಯವಿಟ್ಟು ಬೇಡ. ವ್ಯಸನ ಅಂದರೆ ದುಃಖ ಅಂತಲೂ ಇದೆ, 'ಕೇಳಿ ವ್ಯಸನವಾಯಿತು' ಅನ್ನುತ್ತೇವೆ, ಆ ಅರ್ಥ ನನಗೆ ಇಷ್ಟ. ಆದರೆ 'ವ್ಯಸನಿ' ಅಂದ ಕೂಡಲೇ ಸಪ್ತವ್ಯಸನ ನೆನಪಾಗುತ್ತದೆ. ಜೈನರ ಪಟ್ಟಿಯಲ್ಲಿ ಜೂಜು, ಬೇಟೆಯ ಜೊತೆ ಕಳ್ಳತನವೂ ಇದೆ. ಅಮೆರಿಕದ ವೈದ್ಯರು 2013ರ ಮಾನಸಿಕ ಕಾಯಿಲೆಗಳ ಕೈಪಿಡಿಯಲ್ಲಿ 'ದುರ್ಬಳಕೆ' ಎಂಬ ಹೆಸರನ್ನೇ ಬಿಟ್ಟು 'ಬಳಕೆಯ ಕಾಯಿಲೆ' ಎಂಬರ್ಥದ ಹೆಸರು ಹಿಡಿದರು. ನಮಗೆ ದಾರಿ ಇನ್ನೂ ಸಲೀಸು. 'ಅವನು ವ್ಯಸನಿ' ಬಿಟ್ಟು 'ಅವನಿಗೆ ಕಾಯಿಲೆ ಇದೆ' ಅಂದರಾಯಿತು, ಸಕ್ಕರೆ ಕಾಯಿಲೆಗೆ ಹೇಳುವ ಹಾಗೆ. 'ಅವನಿಗೆ' ಅನ್ನುವ ಚತುರ್ಥಿ ವಿಭಕ್ತಿಯೇ ಆ ಕೆಲಸ ಮಾಡುತ್ತದೆ.

> ಒಂದು ಅಮಲಿನ ಬದಲು ಇನ್ನೊಂದು ಅಮಲು ಕೊಡೋದಕ್ಕೆ 'ಚಿಕಿತ್ಸೆ' ಅಂತೀರಾ

ಅಂತೀನಿ. ಮೆಥಡೋನ್, ಬುಪ್ರೆನಾರ್ಫಿನ್ (ಈ ಕಾಯಿಲೆಗೆ ವೈದ್ಯರು ಕೊಡುವ, ತಾವೂ ಓಪಿಯಾಯ್ಡ್ ಆದ ಔಷಧಿಗಳು) ತಗೊಳ್ಳುವವರು ಕೆಲಸಕ್ಕೆ ಹೋಗುತ್ತಾರೆ, ಮಕ್ಕಳನ್ನು ಸಾಕುತ್ತಾರೆ, ಸಾಯುವುದು ಕಡಿಮೆ. ಬುಪ್ರೆನಾರ್ಫಿನ್ ಬರೆದುಕೊಡಲು ವೈದ್ಯರಿಗೆ ಬೇಕಿದ್ದ ವಿಶೇಷ ಪರವಾನಗಿಯನ್ನು 2022ರ ಕೊನೆಯ ಕಾನೂನು ತೆಗೆದುಹಾಕಿತು. ತಡವಾಗಿಯಾದರೂ ಒಳ್ಳೆಯದೇ ಆಯಿತು. ನನಗೇ 2012ರಲ್ಲಿ ಹಲ್ಲು ಕೀಳಿಸಿದಾಗ 30 ಓಪಿಯಾಯ್ಡ್ ನೋವಿನ ಮಾತ್ರೆ ಕೊಟ್ಟಿದ್ದರು. ಎರಡು ನುಂಗಿದೆ, ಉಳಿದದ್ದು ಬಚ್ಚಲಿನ ಕಪಾಟಿನಲ್ಲಿ ಎರಡು ವರ್ಷ ಕೂತಿತ್ತು, ಮನೆಗೆ ಬಂದ ಯಾರ ಕೈಗಾದರೂ ಸಿಗುವ ಹಾಗೆ. 2023ರಲ್ಲಿ ಓಪಿಯಾಯ್ಡ್‌ಗಳಿಂದ ಈ ದೇಶದಲ್ಲಿ ಸತ್ತವರು ಸುಮಾರು 80,000 ಜನ. ಅವರನ್ನೆಲ್ಲ ಒಂದು 'ಅಮಲು' ಎಂಬ ಮಾತಿನಲ್ಲಿ ಮುಗಿಸಬೇಡಿ.

ನನ್ನ ಆಯ್ಕೆ ಮದ್ದು. ಹಳಗನ್ನಡದ ಮರ್ದು, ತಮಿಳಿನ ಮರುಂದು. ವಾಸಿ ಮಾಡುವುದೂ ಮದ್ದೇ, ಕೋವಿಗೆ ತುಂಬುವುದೂ ಮದ್ದೇ, ಗೊತ್ತಾಗದ ಹಾಗೆ ಅನ್ನದಲ್ಲಿ ಕಲಸಿ ಹಾಕುವ ಕೈಮದ್ದೂ ಮದ್ದೇ. ವೈದ್ಯರ ಚೀಟಿಯಿಂದ ಶುರುವಾಗಿ ನಕಲಿ ಮಾತ್ರೆಗೆ ಬಂದು ನಿಂತ ಈ ಕಥೆಗೆ ಇದಕ್ಕಿಂತ ಹತ್ತಿರದ ಪದ ನನಗೆ ಕಾಣಲಿಲ್ಲ. ಹಾವು ಕಚ್ಚಿದರೆ ವಿಷ ಏರಿತು ಅನ್ನುತ್ತೇವಲ್ವಾ, ಹಾಗೆ 'ಮದ್ದು ಏರಿದೆ'. ಕಚ್ಚಿಸಿಕೊಂಡವನನ್ನು ಯಾರೂ ಬೈಯುವುದಿಲ್ಲ, ಓಡಿ ಹೋಗಿ ಎತ್ತುತ್ತಾರೆ.

ಹಾಳೆಯಲ್ಲಿ ಹೀಗೆ ಹಾಕುತ್ತೇನೆ:

ಮದ್ದು ಏರಿದೆಯೇ? ಕರೆದರೂ ಅಲುಗಾಡಿಸಿದರೂ ಏಳುತ್ತಿಲ್ಲವೇ, ಉಸಿರು ನಿಧಾನವೇ, ತುಟಿ ನೀಲಿಯೇ? ಗೊರಕೆಯಂಥ ಸದ್ದು ಬಂದರೆ ನಿದ್ದೆ ಅಂದುಕೊಳ್ಳಬೇಡಿ. 911ಕ್ಕೆ ಫೋನ್ ಮಾಡಿ. ಪೆಟ್ಟಿಗೆಯ ನಲಾಕ್ಸೋನ್ ಅನ್ನು ಒಂದು ಮೂಗಿನ ಹೊಳ್ಳೆಗೆ ಹಾಕಿ. 2-3 ನಿಮಿಷದಲ್ಲಿ ಏಳದಿದ್ದರೆ ಇನ್ನೊಂದನ್ನು ಇನ್ನೊಂದು ಹೊಳ್ಳೆಗೆ.

ಒಂದು ಕ್ರಿಯಾಪದ ಮಾತ್ರ ಬಾಕಿ. 'ಸಿಂಪಡಿಸಿ' ಅಂದರೆ ಹೊಲಕ್ಕೆ ಔಷಧಿ ಹೊಡೆದ ಹಾಗೆ, ಮೊದಲು ಗಾಳಿಯಲ್ಲಿ ಒಮ್ಮೆ ಒತ್ತಿ ನೋಡಿಬಿಡುತ್ತಾರೆ. ಒಂದರಲ್ಲಿ ಇರುವುದು ಒಂದೇ ಡೋಸ್, ಅಲ್ಲಿಗೇ ಮುಗಿಯಿತು. 'ಎಳೆದುಕೊಳ್ಳಲಿ' ಅನ್ನೋಣ ಅಂದರೆ ಆ ಮನುಷ್ಯನಿಗೆ ಉಸಿರೇ ನೆಟ್ಟಗಿಲ್ಲ. ಬೆರಳಿನಷ್ಟುದ್ದದ ಪ್ಲಾಸ್ಟಿಕ್, ತುದಿ ಮೂಗಿನೊಳಗೆ, ಹೆಬ್ಬೆರಳಿನಿಂದ ಬುಡ ಪೂರ್ತಿ ಒಳಗೆ ಹೋಗುವ ತನಕ ಒತ್ತುವುದು. 'ತುದಿ ಮೂಗಿನೊಳಗೆ ಇಟ್ಟ ಮೇಲೆ ಒಂದೇ ಸಲ ಗಟ್ಟಿಯಾಗಿ ಒತ್ತಿ' ಅಂತ ಬರೆದರೆ 75 ವರ್ಷದವರಿಗೆ ತಿಳಿಯುತ್ತದೆಯೇ? ಇಷ್ಟಕ್ಕೆ ಉತ್ತರ ಕೊಡಿ, ಗುರುವಾರ ರಾತ್ರಿಯೊಳಗೆ. ನಿಮ್ಮ ಅಮ್ಮನಿಗೋ ಅತ್ತೆಗೋ ಒಮ್ಮೆ ಓದಿ ಹೇಳಿ ನೋಡಿ ಬರೆದರೆ ಇನ್ನೂ ಒಳ್ಳೆಯದು.