ಸಹಾಯ ಬೇಕು: ಬೇಗ ಬೆದರುವ ಎಳೆಯ ಕುದುರೆಗೆ ಧೈರ್ಯ ತುಂಬುವುದು ಹೇಗೆ?

ಗುಂಪಿನ ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಬಳಿಯ ನಮ್ಮ ಕಾಫಿ ತೋಟದಲ್ಲಿ 2 ವರ್ಷ ದಾಟಿದ ಮಾರ್ವಾಡಿ ತಳಿಯ ಹೆಣ್ಣು ಕುದುರೆಯೊಂದಿದ್ದು, ಬಹಳ ಸೂಕ್ಷ್ಮ ಸ್ವಭಾವದ ಅದಕ್ಕೆ ಮೊದಲ ಹಂತದ ತರಬೇತಿ ಕೊಡುವ ವಿಚಾರದಲ್ಲಿ ಅನುಭವಸ್ಥರ ಮಾರ್ಗದರ್ಶನ ಬೇಕಾಗಿದೆ.

ಹಾಲ್ಟರ್ (ಹಿಡಿದು ನಡೆಸಲು ತಲೆಗೆ ತೊಡಿಸುವ ಪಟ್ಟಿ) ಹಾಕಿಸಿಕೊಳ್ಳುತ್ತದೆ, ಹಗ್ಗ ಹಿಡಿದರೆ ಜೊತೆಗೆ ನಡೆಯುತ್ತದೆ, ಮುಂಗಾಲಿನ ಗೊರಸು ಶುಚಿ ಮಾಡಲೂ ಬಿಡುತ್ತದೆ. ಆದರೆ ಕಣದಲ್ಲಿ ಕಾಫಿಗೆ ಹೊದಿಸಿದ ಟಾರ್ಪಾಲು ಗಾಳಿಗೆ ಪಟಪಟನೆ ಬಡಿದ ಕೂಡಲೇ, ಒಳಬಾಗಿದ ಕಿವಿಗಳ ತುದಿ ಒಂದಕ್ಕೊಂದು ತಾಗುವಂತೆ ನಿಮಿರಿ, ಮೂಗಿನ ಹೊಳ್ಳೆ ಅರಳಿ, ಮೈಯೆಲ್ಲ ಬಿಗಿಹಿಡಿದು ನಿಂತುಬಿಡುತ್ತದೆ. ಹಿಂದಿನಿಂದ ಯಾರಾದರೂ ಬಂದರಂತೂ ಪಕ್ಕಕ್ಕೆ ಹಾರುತ್ತದೆ. ಕುದುರೆಗೆ ನೇರ ಹಿಂಬದಿ ಕಾಣಿಸದಿರುವುದರಿಂದ, ಮಾತಾಡಿಸುತ್ತಲೇ ಭುಜದ ಕಡೆಯಿಂದ ಹತ್ತಿರ ಬರುವಂತೆ ಕೆಲಸದವರೆಲ್ಲರಿಗೂ ಹೇಳಿದ್ದೇವೆ.

ಸದ್ಯ ಟಾರ್ಪಾಲನ್ನು ದೂರದಲ್ಲಿ ಹಾಸಿ, ಕುದುರೆ ತಲೆ ತಗ್ಗಿಸಿ ಬಾಯಿ ಆಡಿಸಿದ ಕ್ಷಣವೇ ಹಗ್ಗ ಸಡಿಲಬಿಟ್ಟು ಹಿಂದಕ್ಕೆ ಕರೆದೊಯ್ಯುವ ಕ್ರಮವನ್ನು ಅನುಸರಿಸುತ್ತಿದ್ದೇನೆ. ಹೊಡೆದು ಬಡಿದು ಪಳಗಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಬೆನ್ನುಮೂಳೆಯ ಬೆಳವಣಿಗೆ ಪೂರ್ಣಗೊಳ್ಳಲು 5ರಿಂದ 6 ವರ್ಷ ಬೇಕಾಗುವುದರಿಂದ ಸವಾರಿಗೆ ಅವಸರವೂ ಇಲ್ಲ.

ಬೆದರಿದಾಗ ಅಲ್ಲಿಯೇ ನಿಲ್ಲಿಸಿಕೊಂಡು ಸಮಾಧಾನಪಡಿಸಬೇಕೇ ಅಥವಾ ಅದು ನಿರಾಳವಾಗುವಷ್ಟು ದೂರ ಸರಿಸಬೇಕೇ, ಹಿಂಗಾಲು ಮುಟ್ಟುವ ಅಭ್ಯಾಸವನ್ನು ಯಾವ ಹಂತದಲ್ಲಿ ಆರಂಭಿಸುವುದು ಸೂಕ್ತ, ಶಾಂತ ಸ್ವಭಾವದ ಹಿರಿಯ ಕುದುರೆಯೊಂದನ್ನು ಜೊತೆಗಿಟ್ಟು ಕಲಿಸಿದರೆ ಅನುಕೂಲವಾದೀತೇ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಬೇಕು. ಹಾಸನ, ಚಿಕ್ಕಮಗಳೂರು ಕಡೆಯಲ್ಲಿ ತೋಟಕ್ಕೇ ಬಂದು ನೋಡಬಲ್ಲ ಅನುಭವಿಗಳಿದ್ದರೆ ಅವರ ಪರಿಚಯ ಮಾಡಿಸಿಕೊಡಬೇಕೆಂದು ವಿನಂತಿಸುತ್ತೇನೆ.