ಹೆಲ್ ಲೆಟ್ ಲೂಸ್: ಆರು ಜನರ ಸ್ಕ್ವಾಡ್‌ಗೆ ಕ್ಲಾಸ್ ಹಂಚೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಈ ಆನ್‌ಲೈನ್ ಶೂಟಿಂಗ್ ಗೇಮ್‌ನಲ್ಲಿ ನಾವು ಆಡೋದು ವಾರ್‌ಫೇರ್ ಮೋಡ್: ಒಂದೊಂದು ಕಡೆ 50 ಜನ, ವಶಪಡಿಸಿಕೊಳ್ಳೋಕೆ ಐದು ಸೆಕ್ಟರ್ (ಮ್ಯಾಪ್‌ನ ಭಾಗಗಳು), 90 ನಿಮಿಷ. ಸ್ಕ್ವಾಡ್ ಅಂದರೆ ನಮ್ಮ ಚಿಕ್ಕ ತಂಡ, ಕ್ಲಾಸ್ ಅಂದರೆ ಅದರಲ್ಲಿ ಒಬ್ಬೊಬ್ಬರ ಪಾತ್ರ. ಆಫೀಸರ್, ಸಪೋರ್ಟ್, ಆಂಟಿ-ಟ್ಯಾಂಕ್, ಮಷಿನ್ ಗನ್ನರ್ ನಾಲ್ವರು ಖಾಯಂ. ಉಳಿದ ಎರಡು ಜಾಗದ್ದೇ ಗೊಂದಲ.

ಮುಖ್ಯ ತೊಂದರೆ ಗ್ಯಾರಿಸನ್‌ದು, ಅಂದರೆ ಸತ್ತ ಮೇಲೆ ನಮ್ಮ ಕಡೆಯ ಯಾರು ಬೇಕಾದರೂ ಮತ್ತೆ ಆಟಕ್ಕೆ ಇಳಿಯೋ (ಸ್ಪಾನ್ ಆಗೋ) ಜಾಗದ್ದು. ನಮ್ಮ ಸೆಕ್ಟರ್‌ನಲ್ಲಿ ಕಟ್ಟೋಕೆ 50 ಸಪ್ಲೈ (ಕಟ್ಟೋ ಸಾಮಗ್ರಿ) ಸಾಕು, ಸಪೋರ್ಟ್ ಹಾಕೋ ಒಂದು ಪೆಟ್ಟಿಗೆಯಲ್ಲೇ ಆಗುತ್ತೆ. ಶತ್ರು ಸೆಕ್ಟರ್‌ನಲ್ಲಿ 100 ಬೇಕು, ಅಲ್ಲಿ ಒಬ್ಬ ಸಪೋರ್ಟ್ ಸಾಲಲ್ಲ. ಇನ್ನೊಂದು ಸ್ಕ್ವಾಡ್‌ನ ಸಪೋರ್ಟ್‌ಗಾಗಿ ಕಾಯ್ತಾ ನಿಂತರೆ ದಾಳಿಯ ಬಿಸಿಯೇ ಆರಿಹೋಗುತ್ತೆ. ವಶಪಡಿಸಿಕೊಳ್ಳಬೇಕಾದ ಪಾಯಿಂಟ್‌ಗೆ ತೀರಾ ಹತ್ತಿರ ಕಟ್ಟಿದರೆ 100 ಮೀಟರ್ ಒಳಗೆ ಶತ್ರು ಬಂದ ಕೂಡಲೇ ಲಾಕ್ ಆಗಿ, ಯಾರೂ ಸ್ಪಾನ್ ಆಗೋಕೆ ಆಗಲ್ಲ. ಎರಡು ಗ್ಯಾರಿಸನ್ ನಡುವೆ 200 ಮೀಟರ್ ಅಂತರವೂ ಇರಬೇಕು.

ಇಂಥ ಕಡೆ ಕಮಾಂಡರ್ ಹತ್ತಿರ ಏರ್‌ಡ್ರಾಪ್ (ವಿಮಾನದಿಂದ ಸಪ್ಲೈ ಬೀಳಿಸೋದು) ಕೇಳೋದು ಒಳ್ಳೇದಾ, ಸಪ್ಲೈ ಟ್ರಕ್ ತರೋದಾ? ಏರ್‌ಡ್ರಾಪ್ ವಿಮಾನ ನೋಡಿ ಶತ್ರುಗಳು ಹುಡುಕಿಕೊಂಡು ಬರ್ತಾರೆ ಅನ್ನೋದು ನಮ್ಮ ಅನುಮಾನ.

ಇನ್ನೊಂದು: ನೋಡ್ (ಕಮಾಂಡರ್‌ಗೆ ಸಂಪನ್ಮೂಲ ಕೊಡೋ ಕಟ್ಟಡ) ಕಟ್ಟೋಕೆ ಇಂಜಿನಿಯರ್ ಬೇಕೇ ಬೇಕು. ಕಟ್ಟಿ ಮುಗಿದ ಮೇಲೆ ಅವರು ಮೈನ್ ಹಾಕ್ತಾ ಹಿಂದೆ ಉಳೀಬೇಕಾ, ಅಥವಾ ರೈಫಲ್‌ಮನ್‌ಗೆ ಬದಲಾಗಬೇಕಾ? ಮೆಡಿಕ್ ಬಿಟ್ಟು ಆಡೋರು ಇದ್ದೀರಾ? ಆಫೀಸರ್ ಆಗಿ ಆಡಿದವರು ದಯವಿಟ್ಟು ಹೇಳಿ.